ಫಿಸಿಕ್ಸ್ ಎಲ್ಲಿ ಕೈಕೊಡುತ್ತದೆ?

2025ರ ಮೇ 4, ಭಾನುವಾರ. ಮಧ್ಯಾಹ್ನ ಎರಡಕ್ಕೆ ಶುರುವಾದ ನೀಟ್ ಐದಕ್ಕೆ ಮುಗಿಯಿತು. ಹೊರಗೆ ಬಂದ ಮಕ್ಕಳ ಬಾಯಲ್ಲಿ ಒಂದೇ ಮಾತು: ಫಿಸಿಕ್ಸ್ ಕೈಕೊಟ್ಟಿತು. ಜೂನ್ 14ಕ್ಕೆ ಫಲಿತಾಂಶ ಬಂತು. ಇಡೀ ದೇಶಕ್ಕೆ ಮೊದಲು ಬಂದವರ ಅಂಕ 720ಕ್ಕೆ 686. ಹಿಂದಿನ ವರ್ಷ ಮೊದಲು ಹೊರಬಿದ್ದ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಅರ್ಹತೆಗೆ ಬೇಕಾದ ಕನಿಷ್ಠ ಅಂಕವೂ ಸಾಮಾನ್ಯ ವರ್ಗದಲ್ಲಿ 162ರಿಂದ 144ಕ್ಕೆ ಇಳಿಯಿತು.

ಇದನ್ನೆಲ್ಲ ನೋಡಿದ ಅಪ್ಪ-ಅಮ್ಮಂದಿರಿಗೆ ಗೊಂದಲ ಸಹಜ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಪೇಪರ್ ತೆಗೆದವರು ಮಿತಿ ಮೀರಿದರಾ? ಅಥವಾ ಫಿಸಿಕ್ಸ್ ಅನ್ನುವ ವಿಷಯವೇ ಹಾಗಾ? ಹಾಗಿದ್ದರೆ ಅದರಲ್ಲಿ ಯಾವ ಭಾಗ ನಿಜಕ್ಕೂ ಕಷ್ಟ? ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ಎಲ್ಲಿದೆ ಅಂತ ನೋಡೋಣ.

ಮೊದಲು ಅಂಕದ ಗೊಂದಲ

ಅರ್ಹತಾ ಅಂಕ ಇಳಿದದ್ದಕ್ಕೂ ಮಕ್ಕಳ ಬುದ್ಧಿಗೂ ನೇರ ಸಂಬಂಧ ಇಲ್ಲ. ನೀಟ್‌ನಲ್ಲಿ ಪಾಸಾಗಲು ಇಷ್ಟೇ ಅಂಕ ಬೇಕು ಅನ್ನುವ ಗೆರೆ ಮೊದಲೇ ಇರುವುದಿಲ್ಲ. ಬರೆದವರನ್ನೆಲ್ಲ ಅಂಕದ ಸಾಲಿನಲ್ಲಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತವರ ಅಂಕವನ್ನೇ ಸಾಮಾನ್ಯ ವರ್ಗಕ್ಕೆ ಗೆರೆ ಮಾಡುತ್ತಾರೆ. ಪೇಪರ್ ಕಷ್ಟ ಬಂದರೆ ಇಡೀ ಸಾಲೇ ಕೆಳಗೆ ಜಾರುತ್ತದೆ, ಗೆರೆಯೂ ಜೊತೆಗೇ ಜಾರುತ್ತದೆ. ಸೀಟು ಅಷ್ಟೇ ಇರುತ್ತದೆ. 2025ರಲ್ಲಿ ಬರೆದವರು 22 ಲಕ್ಷ, ಅರ್ಹರಾದವರು 12.36 ಲಕ್ಷ. ಮೀಸಲು ವರ್ಗಗಳಿಗೆ ಗೆರೆ ಇನ್ನೂ ಸ್ವಲ್ಪ ಕೆಳಗಿರುವುದರಿಂದ ಅರ್ಧಕ್ಕಿಂತ ಜಾಸ್ತಿ ಮಂದಿ ದಾಟುತ್ತಾರೆ.

ಇನ್ನೊಂದು ಮಾತು. ಜೀವಶಾಸ್ತ್ರ ಒಂದಕ್ಕೇ 360 ಅಂಕ, ಫಿಸಿಕ್ಸ್‌ಗೆ 180. ಹಾಗಾಗಿ 144 ದಾಟಲು ಫಿಸಿಕ್ಸ್ ಮುಟ್ಟಲೇಬೇಕು ಅಂತಿಲ್ಲ. ಆದರೆ ಅರ್ಹತೆ ಬೇರೆ, ಸೀಟು ಬೇರೆ. ಸರ್ಕಾರಿ ಸೀಟಿನ ಪೈಪೋಟಿಯಲ್ಲಿ ಜೀವಶಾಸ್ತ್ರದಲ್ಲಿ ಎಲ್ಲರೂ ಹೆಚ್ಚುಕಮ್ಮಿ ಒಂದೇ ಕಡೆ ಇರುತ್ತಾರೆ. ಯಾರು ಮುಂದೆ, ಯಾರು ಹಿಂದೆ ಅಂತ ತೀರ್ಮಾನ ಆಗುವುದು ಫಿಸಿಕ್ಸ್‌ನಲ್ಲಿ. ಆ 45 ಪ್ರಶ್ನೆಗಳ ಮೇಲೆ ಅಷ್ಟೊಂದು ಭಯ ಇರುವುದು ಇದಕ್ಕೇ.

ಆ ವರ್ಷ ಪರೀಕ್ಷೆಯ ರೂಪವೂ ಬದಲಾಗಿತ್ತು. 2021ರಿಂದ 2024ರವರೆಗೆ ಪ್ರತಿ ವಿಷಯದ ಕೊನೆಯ ಭಾಗದಲ್ಲಿ 15 ಪ್ರಶ್ನೆ ಕೊಟ್ಟು 10ಕ್ಕೆ ಉತ್ತರಿಸಿ ಅನ್ನುತ್ತಿದ್ದರು. ಬಾರದ ಐದನ್ನು ಬಿಡಬಹುದಿತ್ತು. 2025ರಲ್ಲಿ ಆ ಆಯ್ಕೆ ಹೋಯಿತು. ಈಗ 180 ಪ್ರಶ್ನೆ, 180 ನಿಮಿಷ. ತಪ್ಪಾದರೆ ಒಂದು ಅಂಕ ಕಡಿತ. ಮೂರು ಹೆಜ್ಜೆ ಲೆಕ್ಕ ಬೇಡುವ ಪ್ರಶ್ನೆ ಒಂದು ನಿಮಿಷದಲ್ಲಿ ಮುಗಿಯುವುದಿಲ್ಲ. ಜೀವಶಾಸ್ತ್ರದಿಂದ ಉಳಿಸಿದ ಸಮಯವನ್ನು ಇಲ್ಲಿ ಸುರಿಯಬೇಕು. ಪೇಪರ್ ಕಷ್ಟವಾಗಿತ್ತು ಅನ್ನುವ ದೂರಿನಲ್ಲಿ ದೊಡ್ಡ ಪಾಲು ಗಡಿಯಾರದ್ದು. ಆದರೆ ಪೂರ್ತಿ ಗಡಿಯಾರದ್ದಲ್ಲ.

ಸುಲಭ ಅನ್ನಿಸುವ ಅಧ್ಯಾಯ

ಯಾವುದು ಕಷ್ಟ ಅಂತ ಪಿಯು ಮಕ್ಕಳನ್ನು ಕೇಳಿ. ರೊಟೇಶನ್, ಎಲೆಕ್ಟ್ರೋಮ್ಯಾಗ್ನೆಟಿಸಂ, ಥರ್ಮೋಡೈನಮಿಕ್ಸ್ ಅನ್ನುತ್ತಾರೆ. ನ್ಯೂಟನ್ನನ ನಿಯಮ ಅಂತ ಹೇಳುವವರು ಅಪರೂಪ. ಅದು ಒಂಬತ್ತನೇ ಕ್ಲಾಸಿನಲ್ಲೇ ಮುಗಿದ ಪಾಠ, ಅಲ್ವಾ?

ಒಂದು ನಾಣ್ಯವನ್ನು ನೇರ ಮೇಲಕ್ಕೆ ಚಿಮ್ಮಿಸಿ. ಬೆರಳು ಬಿಟ್ಟು ಮೇಲೇರುತ್ತಿರುವಾಗ ಅದರ ಮೇಲೆ ಯಾವ್ಯಾವ ಬಲ ಇದೆ? ಗಾಳಿಯ ತಡೆಯನ್ನು ಪಕ್ಕಕ್ಕಿಡಿ. ಉತ್ತರ: ಭೂಮಿಯ ಸೆಳೆತ ಮಾತ್ರ. ಕೆಳಮುಖವಾಗಿ ಒಂದೇ ಒಂದು ಬಲ. ಆದರೆ ಬಹಳ ಮಂದಿ ಎರಡು ಬಾಣ ಬರೆಯುತ್ತಾರೆ. ಮೇಲಕ್ಕೆ ಒಂದು "ಕೈ ಕೊಟ್ಟ ಬಲ", ಕೆಳಕ್ಕೆ ಇನ್ನೊಂದು. ಮೇಲೆ ಹೋಗುತ್ತಿದೆ ಅಂದ ಮೇಲೆ ಯಾವುದೋ ಬಲ ತಳ್ಳುತ್ತಿರಲೇಬೇಕು ಅನ್ನುವ ಲೆಕ್ಕ. ಅಮೆರಿಕದ ಶಿಕ್ಷಣ ಸಂಶೋಧಕ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಟ್ಟಿದ್ದರು. ಬಹುಪಾಲು ಮಂದಿ ತಪ್ಪಿದರು. ಮೆಕ್ಯಾನಿಕ್ಸ್ ಕೋರ್ಸ್ ಮುಗಿಸಿ ಬಂದ ಮೇಲೂ ಹೆಚ್ಚಿನವರ ಉತ್ತರ ಸರಿಹೋಗಲಿಲ್ಲ.

ಕಾರಣ ದಡ್ಡತನ ಅಲ್ಲ. ನಮ್ಮ ಮೈ ಕಲಿತ ಪಾಠವೇ ಹಾಗಿದೆ. ತಳ್ಳುಗಾಡಿಯನ್ನು ತಳ್ಳುವುದು ನಿಲ್ಲಿಸಿದರೆ ಗಾಡಿಯೂ ನಿಲ್ಲುತ್ತದೆ. ಸೈಕಲ್ ತುಳಿಯುವುದು ಬಿಟ್ಟರೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಚಲನೆ ಇರಬೇಕಾದರೆ ಬಲ ಬೇಕು ಅಂತ ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೇವೆ. ಗಾಡಿಯನ್ನು ನಿಲ್ಲಿಸಿದ್ದು ಘರ್ಷಣೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅರಿಸ್ಟಾಟಲ್ ಕೂಡ ಹಾಗೇ ಅಂದುಕೊಂಡಿದ್ದ. ಆ ನಂಬಿಕೆ ಅಲುಗಾಡಲು ಗೆಲಿಲಿಯೊ ಬರಬೇಕಾಯಿತು, ನ್ಯೂಟನ್ನನ ಪುಸ್ತಕದಲ್ಲಿ ನಿಯಮವಾಗಿ ಅಚ್ಚಾಗಲು 1687 ಬರಬೇಕಾಯಿತು. ಎರಡು ಸಾವಿರ ವರ್ಷ ಹಿಡಿದ ತಿದ್ದುಪಡಿಯನ್ನು ನಾವು ಫಸ್ಟ್ ಪಿಯುನಲ್ಲಿ ಎರಡು ವಾರಕ್ಕೆ ಮುಗಿಸಿ ಮುಂದೆ ಹೋಗುತ್ತೇವೆ.

ಲಾರಿ ಬಂದು ಸ್ಕೂಟರಿಗೆ ಗುದ್ದಿದರೆ ಯಾರ ಮೇಲೆ ಜಾಸ್ತಿ ಬಲ? ಮೂರನೇ ನಿಯಮವನ್ನು ನಿದ್ದೆಯಲ್ಲೂ ಹೇಳುವ ಹುಡುಗ ಇಲ್ಲಿ "ಸ್ಕೂಟರ್ ಮೇಲೆ" ಅನ್ನುತ್ತಾನೆ. ಬಲ ಎರಡರ ಮೇಲೂ ಅಷ್ಟೇ. ಸ್ಕೂಟರಿನ ರಾಶಿ ಕಮ್ಮಿ, ಅದಕ್ಕೇ ಅದರ ವೇಗ ಒಮ್ಮೆಲೇ ಬದಲಾಗುತ್ತದೆ, ಅದಕ್ಕೇ ಅದು ನುಜ್ಜುಗುಜ್ಜಾಗುತ್ತದೆ. ನಿಯಮ ಬಾಯಲ್ಲಿದೆ, ನಂಬಿಕೆ ಬೇರೆ ಕಡೆ ಇದೆ.

ಈ ಅಂತರವನ್ನು ಅಳೆಯಲೆಂದೇ 1992ರಲ್ಲಿ ಅಮೆರಿಕದ ಫಿಸಿಕ್ಸ್ ಪ್ರೊಫೆಸರ್ ಡೇವಿಡ್ ಹೆಸ್ಟೆನಿಸ್ ಮತ್ತು ಜೊತೆಗಾರರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಅಂತ ಅದರ ಹೆಸರು. ಲೆಕ್ಕ ಇಲ್ಲ, ಸೂತ್ರ ಇಲ್ಲ, ಸುಮ್ನೆ ಇಂಥ ನಾಣ್ಯ-ಲಾರಿ ಪ್ರಶ್ನೆಗಳು. ಹಾರ್ವರ್ಡ್‌ನ ಪ್ರೊಫೆಸರ್ ಎರಿಕ್ ಮಜೂರ್ ತಮ್ಮ ಕ್ಲಾಸಿಗೂ ಇಂಥದೇ ಪ್ರಶ್ನೆ ಕೊಟ್ಟು ನೋಡಿದರು. ಕಷ್ಟದ ಲೆಕ್ಕಗಳನ್ನು ಸಲೀಸಾಗಿ ಬಿಡಿಸುತ್ತಿದ್ದ ಮಕ್ಕಳೇ ಇಲ್ಲಿ ಎಡವಿದರು. ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಆಮೇಲೆ ಪ್ರಸಿದ್ಧವಾಯಿತು: ಉತ್ತರವನ್ನು ನೀವು ಕಲಿಸಿದ ಹಾಗೆ ಬರೆಯಬೇಕಾ, ಇಲ್ಲ ನಾನು ಮಾಮೂಲಿಯಾಗಿ ಯೋಚಿಸುವ ಹಾಗಾ? ಇದಕ್ಕಿಂತ ಪ್ರಾಮಾಣಿಕ ಪ್ರಶ್ನೆ ಇಲ್ಲ. ನಮ್ಮಲ್ಲಿ ಹಾಗೆ ಕೇಳುವುದಕ್ಕೆ ಹೆದರುತ್ತಾರೆ, ಅಷ್ಟೇ ವ್ಯತ್ಯಾಸ.

ಕರೆಂಟ್ ಹೋಯ್ತು

ಎರಡನೇ ತೊಡಕು ಬೇರೆ ಥರದ್ದು. ಚಲನೆಯಲ್ಲಿ ಕಣ್ಣಿಗೆ ಕಂಡದ್ದು ದಾರಿ ತಪ್ಪಿಸುತ್ತದೆ. ವಿದ್ಯುತ್ತಿನಲ್ಲಿ ಏನೂ ಕಾಣುವುದೇ ಇಲ್ಲ. ಆಗ ಆ ಖಾಲಿ ಜಾಗವನ್ನು ನಮ್ಮ ಮಾತು ತುಂಬುತ್ತದೆ.

ಕನ್ನಡದಲ್ಲಿ ಕರೆಂಟ್ ಅಂದರೆ ವಿದ್ಯುತ್ತೇ. ಕರೆಂಟ್ ಹೋಯ್ತು, ಕರೆಂಟ್ ಬಿಲ್ ಬಂತು, ಗೀಸರ್ ಕರೆಂಟ್ ತಿನ್ನುತ್ತೆ. ಈ ಮಾತಿನಲ್ಲಿ ಕರೆಂಟ್ ಖರ್ಚಾಗುವ ಸರಕು, ಅಕ್ಕಿ-ಬೇಳೆಯ ಹಾಗೆ. ಪಿಯು ಪುಸ್ತಕದ ಕರೆಂಟ್ ಖರ್ಚಾಗುವುದಿಲ್ಲ. ಬಲ್ಬಿನ ಒಂದು ಕಡೆಯಿಂದ ಎಷ್ಟು ಒಳಗೆ ಹೋಯಿತೋ ಇನ್ನೊಂದು ಕಡೆಯಿಂದ ಅಷ್ಟೇ ಹೊರಗೆ ಬರುತ್ತದೆ. ಖರ್ಚಾಗುವುದು, ಅಂದರೆ ರೂಪ ಬದಲಿಸುವುದು, ಶಕ್ತಿ. ಬಿಲ್ ಬರುವುದೂ ಶಕ್ತಿಗೇ. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಗಂಟೆ. ದಿನಾ ಆಡುವ ಪದಕ್ಕೆ ಕ್ಲಾಸಿನಲ್ಲಿ ಬೇರೆ ಅರ್ಥ ಬಂದಾಗ ಹಳೆಯ ಅರ್ಥ ಸುಮ್ನೆ ಜಾಗ ಬಿಟ್ಟುಕೊಡುವುದಿಲ್ಲ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮ್ಯಾಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಐದು ಬಲ್ಬಿನ ಪ್ರಶ್ನೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದೇ ಥರದ ಮೂರು ಬ್ಯಾಟರಿ, ಒಂದೇ ಥರದ ಐದು ಬಲ್ಬು. ಮೊದಲ ಬ್ಯಾಟರಿಗೆ ಒಂದೇ ಬಲ್ಬು. ಎರಡನೆಯದಕ್ಕೆ ಎರಡು ಬಲ್ಬು ಸಾಲಾಗಿ, ಅಂದರೆ ಸೀರೀಸ್‌ನಲ್ಲಿ. ಮೂರನೆಯದಕ್ಕೆ ಎರಡು ಪಕ್ಕಪಕ್ಕ, ಪ್ಯಾರಲಲ್‌ನಲ್ಲಿ. ಯಾವುದು ಎಷ್ಟು ಪ್ರಕಾಶವಾಗಿ ಉರಿಯುತ್ತದೆ ಅಂತ ಹೇಳಬೇಕು. ಒಂಟಿ ಬಲ್ಬು ಮತ್ತು ಪ್ಯಾರಲಲ್‌ನ ಎರಡೂ ಒಂದೇ ಸಮ, ಸೀರೀಸ್‌ನ ಎರಡು ಅವಕ್ಕಿಂತ ಮಂಕು. ಇಷ್ಟೇ ಉತ್ತರ. ಅದನ್ನು ಸರಿಯಾಗಿ ಹೇಳಿದವರು ನೂರಕ್ಕೆ ಸುಮಾರು 15 ಮಂದಿ. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು. ಓಮ್‌ನ ನಿಯಮ ಗೊತ್ತಿಲ್ಲದವರೇನಲ್ಲ.

ಎಲ್ಲಿ ತಪ್ಪುತ್ತಾರೆ? ಕೆಲವರು ಸೀರೀಸ್‌ನಲ್ಲಿ ಮೊದಲ ಬಲ್ಬು ಕರೆಂಟ್ ತಿಂದುಬಿಡುತ್ತದೆ, ಎರಡನೆಯದಕ್ಕೆ ಕಮ್ಮಿ ಉಳಿಯುತ್ತದೆ ಅನ್ನುತ್ತಾರೆ. ಕೆಲವರು ಬ್ಯಾಟರಿ ಯಾವಾಗಲೂ ಒಂದೇ ಪ್ರಮಾಣದ ಕರೆಂಟ್ ಕೊಡುತ್ತದೆ, ಪ್ಯಾರಲಲ್‌ನಲ್ಲಿ ಅದು ಹಂಚಿಹೋಗುತ್ತದೆ ಅನ್ನುತ್ತಾರೆ. ಹಬ್ಬಕ್ಕೆ ಹಾಕುವ ಹಳೆಯ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಹೋದರೆ ಆ ಸಾಲೇ ಆರುತ್ತದೆ. ಮನೆಯಲ್ಲಿ ಅಡುಗೆಮನೆ ಬಲ್ಬು ಹೋದರೆ ಹಾಲ್‌ನದ್ದು ಆರುವುದಿಲ್ಲ. ಎರಡೂ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ಸರ್ಕ್ಯೂಟ್ ಚಿತ್ರಕ್ಕೆ ಜೋಡಿಸುವ ಕೊಂಡಿ ಮಾತ್ರ ಸಿಗುವುದಿಲ್ಲ.

ಇದು ಸರ್ಕ್ಯೂಟ್ ಮಾತಾಯಿತು. ಕ್ಷೇತ್ರ, ಫ್ಲಕ್ಸ್, ಇಂಡಕ್ಷನ್ ಬಂದಾಗ ಕಷ್ಟ ಇನ್ನೂ ಒಂದು ಮೆಟ್ಟಿಲು ಏರುತ್ತದೆ. ಚಾರ್ಜ್ ಒಂದು ಕಡೆ ಓಡುತ್ತದೆ, ಕಾಂತಕ್ಷೇತ್ರ ಇನ್ನೊಂದು ಕಡೆಗಿದೆ, ಬಲ ಇವೆರಡಕ್ಕೂ ಲಂಬವಾಗಿ ಮೂರನೇ ದಿಕ್ಕಿಗೆ. ಪುಸ್ತಕದ ಹಾಳೆ ಚಪ್ಪಟೆ. ಹಾಗಾಗಿ ಹಾಳೆಯ ಒಳಗೆ ಹೋಗುವುದಕ್ಕೆ ಗುಣಾಕಾರದ ಗುರುತು, ಹೊರಗೆ ಬರುವುದಕ್ಕೆ ಚುಕ್ಕಿ. ಪರೀಕ್ಷಾ ಹಾಲ್‌ನಲ್ಲಿ ಬಲಗೈ ಬೆರಳು ತಿರುಚುತ್ತಾ ಕೂತ ಮಕ್ಕಳನ್ನು ನೋಡಿದರೆ ಸಾಕು, ಯಾವ ಅಧ್ಯಾಯ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಲೆಂಜ್ ನಿಯಮದಲ್ಲಂತೂ ಇಂಥ ಹೆಜ್ಜೆ ಮೂರ್ನಾಲ್ಕು. ಫ್ಲಕ್ಸ್, ಅಂದರೆ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದ ಪ್ರಮಾಣ, ಹೆಚ್ಚುತ್ತಿದೆಯಾ, ಇಳಿಯುತ್ತಿದೆಯಾ? ಅದನ್ನು ವಿರೋಧಿಸುವ ಕ್ಷೇತ್ರ ಯಾವ ಕಡೆ? ಆ ಕ್ಷೇತ್ರ ಬರಬೇಕಾದರೆ ಕರೆಂಟ್ ಯಾವ ಕಡೆ ಸುತ್ತಬೇಕು? ಒಂದು ಹೆಜ್ಜೆಯಲ್ಲಿ ದಿಕ್ಕು ತಪ್ಪಿದರೂ ಉತ್ತರ ಪೂರ್ತಿ ತಲೆಕೆಳಗು.

ಬುಗುರಿ ಬೀಳುವುದಿಲ್ಲ ಯಾಕೆ

ಫಸ್ಟ್ ಪಿಯು ಪುಸ್ತಕದ ಆರನೇ ಅಧ್ಯಾಯ ತಿರುಗುವ ವಸ್ತುಗಳದ್ದು. ಮಕ್ಕಳ ದೂರಿನ ಪಟ್ಟಿಯಲ್ಲಿ ಇದು ಮೇಲೇ ಇರುತ್ತದೆ, ನ್ಯಾಯವಾಗಿಯೇ ಇದೆ. ಇಲ್ಲಿ ಮೇಲಿನ ಎರಡೂ ತೊಡಕು ಒಟ್ಟಿಗೆ ಬರುತ್ತವೆ. ರಾಶಿ ಅಂದರೆ ಒಂದೇ ಸಂಖ್ಯೆ, ವಸ್ತುವನ್ನು ಎಲ್ಲಿಟ್ಟರೂ ಅಷ್ಟೇ. ಆದರೆ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗಿಸುವುದಕ್ಕೆ ವಸ್ತು ಒಡ್ಡುವ ತಡೆಯ ಅಳತೆ, ಹಾಗಲ್ಲ. ಅದೇ ಕೋಲನ್ನು ನಡುವೆ ಹಿಡಿದು ತಿರುಗಿಸಿದರೆ ಒಂದು ಬೆಲೆ, ತುದಿ ಹಿಡಿದು ತಿರುಗಿಸಿದರೆ ಅದರ ನಾಲ್ಕು ಪಟ್ಟು.

ಇಳಿಜಾರಿನಲ್ಲಿ ಒಂದು ಗಟ್ಟಿ ಗೋಲಿ, ಒಂದು ನಾಣ್ಯ, ಒಂದು ಬಳೆ, ಮೂರನ್ನೂ ಒಟ್ಟಿಗೆ ಉರುಳಿಸಿ. ಮೊದಲು ಗೋಲಿ, ಆಮೇಲೆ ನಾಣ್ಯ, ಕೊನೆಗೆ ಬಳೆ ಕೆಳಗೆ ಮುಟ್ಟುತ್ತದೆ. ಗೋಲಿ ದೊಡ್ಡದಿರಲಿ ಚಿಕ್ಕದಿರಲಿ, ಬಳೆ ಚಿನ್ನದ್ದಿರಲಿ ಗಾಜಿನದ್ದಿರಲಿ, ಜಾರದೆ ಉರುಳಿದರೆ ಕ್ರಮ ಬದಲಾಗದು. ಭಾರದ್ದು ಮೊದಲು ಬರುತ್ತೆ ಅಂತ ಮನಸ್ಸು ಹೇಳುತ್ತದೆ. ಲೆಕ್ಕ ಹೇಳುವುದೇ ಬೇರೆ: ರಾಶಿಯೂ ತ್ರಿಜ್ಯವೂ ಹೊಡೆದುಹೋಗಿ ಆಕಾರ ಮಾತ್ರ ಉಳಿಯುತ್ತದೆ. ಜೊತೆಗೆ ಘರ್ಷಣೆ ಇದ್ದರೂ ಇಲ್ಲಿ ಶಕ್ತಿ ನಷ್ಟ ಇಲ್ಲ, ಯಾಕಂದರೆ ನೆಲ ಮುಟ್ಟುವ ಬಿಂದು ಆ ಕ್ಷಣ ನಿಂತೇ ಇರುತ್ತದೆ. ಉರುಳುವ ಚಕ್ರದ ಒಂದು ಬಿಂದು ನಿಂತಿದೆ ಅನ್ನುವುದನ್ನು ಒಪ್ಪಿಕೊಳ್ಳುವುದಕ್ಕೇ ಒಂದು ದಿನ ಬೇಕು. ಪೋರ್ಷನ್ ಮುಗಿಸುವ ಅವಸರದಲ್ಲಿ ಆ ದಿನ ಸಿಗುವುದಿಲ್ಲ.

ಬುಗುರಿ ಓರೆಯಾಗಿ ತಿರುಗುವಾಗ ಬೀಳದೆ ನಿಧಾನವಾಗಿ ಸುತ್ತು ಹಾಕುತ್ತದಲ್ಲ, ಅದಂತೂ ಇನ್ನೂ ವಿಚಿತ್ರ. ಭೂಮಿಯ ಸೆಳೆತ ಅದನ್ನು ಬೀಳಿಸಲು ನೋಡುತ್ತದೆ, ಆದರೆ ಬದಲಾಗುವುದು ಕೋನೀಯ ಸಂವೇಗದ, ಅಂದರೆ ತಿರುಗುವಿಕೆಯ ಸಂವೇಗದ, ದಿಕ್ಕು. ಬಲ ಒಂದು ಕಡೆ, ಪರಿಣಾಮ ಇನ್ನೊಂದು ಕಡೆ.

ಈ ಅಧ್ಯಾಯ ಬಿಟ್ಟುಬಿಡು, ಎರಡು-ಮೂರು ಪ್ರಶ್ನೆ ತಾನೆ ಅನ್ನುವ ಸಲಹೆ ಈಗ ಸಾಮಾನ್ಯ. ಪರೀಕ್ಷೆಯ ಲೆಕ್ಕಕ್ಕೆ ಅದು ಸರಿ ಇರಲೂಬಹುದು. ಆದರೆ ಗ್ರಹಗಳ ಚಲನೆಯಲ್ಲಿ ಕೆಪ್ಲರನ ಎರಡನೇ ನಿಯಮ ಕೋನೀಯ ಸಂವೇಗದ ಮಾತೇ. ಸೆಕೆಂಡ್ ಪಿಯುನ ಬೋರ್ ಪರಮಾಣುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದೂ ಅದೇ ಕೋನೀಯ ಸಂವೇಗ. ಒಂದನ್ನು ಬಿಟ್ಟವರು ಮುಂದಿನ ಎರಡನ್ನು ಉರು ಹೊಡೆಯಬೇಕಾಗುತ್ತದೆ.

ಗಣಿತ ಇನ್ನೂ ಬಂದೇ ಇಲ್ಲ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮೇಲೆ ಹೇಳಿದ ತೊಡಕುಗಳು ವಿಷಯದೊಳಗೇ ಇವೆ. ಈಗ ಹೇಳುವ ತೊಡಕು ನಾವೇ ಮಾಡಿಕೊಂಡದ್ದು.

ಕರ್ನಾಟಕದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಆಧಾರ. ಫಸ್ಟ್ ಪಿಯು ಫಿಸಿಕ್ಸ್‌ನ ಎರಡನೇ ಅಧ್ಯಾಯ ನೇರ ರೇಖೆಯ ಚಲನೆ. ಕ್ಷಣದ ವೇಗ, ಕ್ಷಣದ ವೇಗೋತ್ಕರ್ಷ, ಎರಡಕ್ಕೂ ಡೆರಿವೇಟಿವ್, ಅಂದರೆ ಬದಲಾವಣೆಯ ದರ ಹೇಳುವ ಗಣಿತ, ಬೇಕು. ಗಣಿತ ಪುಸ್ತಕದಲ್ಲಿ ಡೆರಿವೇಟಿವ್ ಬರುವುದು ಹದಿನಾಲ್ಕರಲ್ಲಿ ಹನ್ನೆರಡನೇ ಅಧ್ಯಾಯವಾಗಿ, ಅಂದರೆ ವರ್ಷದ ಕೊನೆಗೆ. ಫಿಸಿಕ್ಸ್‌ನ ಮೂರನೇ ಅಧ್ಯಾಯಕ್ಕೆ ವೆಕ್ಟರ್, ಅಂದರೆ ದಿಕ್ಕೂ ಇರುವ ಪರಿಮಾಣಗಳ ಲೆಕ್ಕ, ಬೇಕು. ಗಣಿತದಲ್ಲಿ ವೆಕ್ಟರ್ ಇರುವುದು ಸೆಕೆಂಡ್ ಪಿಯುನ ಹತ್ತನೇ ಅಧ್ಯಾಯ. ಸೆಕೆಂಡ್ ಪಿಯು ಫಿಸಿಕ್ಸ್‌ನ ಮೊದಲ ಅಧ್ಯಾಯದಲ್ಲೇ ಗೌಸ್ ನಿಯಮ, ಅದಕ್ಕೆ ಇಂಟಿಗ್ರೇಶನ್ ಬೇಕು. ಅದು ಅದೇ ವರ್ಷ ಗಣಿತದ ಏಳನೇ ಅಧ್ಯಾಯ. ಹೊಲ ಉತ್ತ ಮೇಲೆ ನೇಗಿಲು ಕೊಟ್ಟ ಹಾಗೆ.

ಆಗ ಲೆಕ್ಚರರ್ ಏನು ಮಾಡಬೇಕು? "ಇದನ್ನು ಸದ್ಯಕ್ಕೆ ಹೀಗೇ ನೆನಪಿಟ್ಟುಕೊಳ್ಳಿ, ಮುಂದೆ ಮ್ಯಾಥ್ಸ್‌ನಲ್ಲಿ ಬರುತ್ತೆ" ಅನ್ನುತ್ತಾರೆ. ಹುಡುಗ ನೆನಪಿಟ್ಟುಕೊಳ್ಳುತ್ತಾನೆ. ಮೊದಲ ತಿಂಗಳಲ್ಲೇ ಒಂದು ಪಾಠ ಗಟ್ಟಿಯಾಗುತ್ತದೆ: ಫಿಸಿಕ್ಸ್ ಅಂದರೆ ಅರ್ಥವಾಗದಿದ್ದರೂ ನೆನಪಿಟ್ಟುಕೊಳ್ಳುವ ವಿಷಯ. ವರ್ಷದ ಕೊನೆಗೆ ಡೆರಿವೇಟಿವ್ ಬಂದಾಗ ಯಾರೂ ಹಿಂದೆ ಹೋಗಿ ವೇಗೋತ್ಕರ್ಷವನ್ನು ಮತ್ತೆ ಕಲಿಯುವುದಿಲ್ಲ. ಜೀವಶಾಸ್ತ್ರ ಇಟ್ಟುಕೊಂಡು ಗಣಿತ ಬಿಟ್ಟವರಿಗಂತೂ ಆ ಕೊನೆಯೂ ಬರುವುದಿಲ್ಲ. ನೀಟ್ ಬರೆಯಲು ಗಣಿತ ಓದಿರಬೇಕು ಅಂತಿಲ್ಲ, ಆದರೆ ನೀಟ್‌ನ ಫಿಸಿಕ್ಸ್‌ಗೆ ಗಣಿತ ಬೇಕು.

ಇನ್ನೊಂದು ಸಣ್ಣ ಕಿರಿಕಿರಿ ಥರ್ಮೋಡೈನಮಿಕ್ಸ್‌ನದ್ದು. ಫಿಸಿಕ್ಸ್ ಪುಸ್ತಕದಲ್ಲಿ ಅನಿಲ ಮಾಡಿದ ಕೆಲಸ ಪ್ಲಸ್. ಕೆಮಿಸ್ಟ್ರಿ ಪುಸ್ತಕದಲ್ಲಿ ಅನಿಲದ ಮೇಲೆ ಮಾಡಿದ ಕೆಲಸ ಪ್ಲಸ್. ನಿಯಮ ಒಂದೇ, ಗುರುತು ಉಲ್ಟಾ. ಬೆಳಿಗ್ಗೆ ಒಂದು ಕ್ಲಾಸು, ಮಧ್ಯಾಹ್ನ ಇನ್ನೊಂದು. ಇದನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ಹೇಳುವವರು ಬೇಕು.

ಮಾರ್ಕ್ಸ್ ಬರುವ ಪಾಠ

ಹಾಗಾದರೆ ಎಲ್ಲರೂ ಸುಲಭ ಅನ್ನುವ ಪಾಠ ಯಾವುದು? ಮಾಡರ್ನ್ ಫಿಸಿಕ್ಸ್. ಫೋಟೋಎಲೆಕ್ಟ್ರಿಕ್ ಪರಿಣಾಮ, ಪರಮಾಣು, ನ್ಯೂಕ್ಲಿಯಸ್, ಸೆಮಿಕಂಡಕ್ಟರ್. ಇದು ತಮಾಷೆಯೇ ಸರಿ. ಬೆಳಕು ಒಮ್ಮೆ ಅಲೆ, ಒಮ್ಮೆ ಕಣ ಅನ್ನುವುದಕ್ಕಿಂತ ತಲೆ ತಿರುಗಿಸುವ ಸಂಗತಿ ಇಡೀ ಪುಸ್ತಕದಲ್ಲಿ ಇಲ್ಲ. ಆದರೂ ಅಂಕ ಬರುತ್ತದೆ, ಯಾಕಂದರೆ ಸೂತ್ರ ಕಮ್ಮಿ, ಪ್ರಶ್ನೆಗಳ ಮಾದರಿಯೂ ಕಮ್ಮಿ. ನಮ್ಮ ಅನುಭವಕ್ಕೆ ಇಲ್ಲಿ ಹೇಳುವುದು ಏನೂ ಇಲ್ಲದ ಕಾರಣ ಅದು ಅಡ್ಡ ಬರುವುದೂ ಇಲ್ಲ.

ಇದು ಎಷ್ಟು ಬಾಯಿಪಾಠದ ಮೇಲೆ ನಿಂತಿದೆ ಅನ್ನುವುದಕ್ಕೆ 2024ರ ನೀಟ್ ಸಾಕ್ಷಿ. "ಪ್ರತಿ ಮೂಲವಸ್ತುವಿನ ಪರಮಾಣುಗಳೂ ಸ್ಥಿರ" ಅನ್ನುವ ಅರ್ಥದ ಒಂದು ಹೇಳಿಕೆ ಸರಿಯೋ ತಪ್ಪೋ ಅಂತ ಕೇಳಿದ್ದರು. ಹಳೆಯ ಪಠ್ಯಪುಸ್ತಕದಲ್ಲಿ ಆ ವಾಕ್ಯ ಇತ್ತು. ವಿಕಿರಣ ಸೂಸುವ ಮೂಲವಸ್ತುಗಳ ಪಾಠ ಓದಿದವರಿಗೆ ಅದು ತಪ್ಪು ಅಂತ ಗೊತ್ತಾಗಬೇಕು. ಮೊದಲು ಎರಡು ಉತ್ತರಕ್ಕೂ ಅಂಕ ಕೊಟ್ಟರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ದೆಹಲಿ ಐಐಟಿಯ ತಜ್ಞರು ಹೇಳಿಕೆ ತಪ್ಪು ಅಂದ ಮೇಲೆ ಪಟ್ಟಿ ಬದಲಾಯಿತು. ಪೂರ್ತಿ ಅಂಕ ಪಡೆದವರು 17ಕ್ಕೆ ಇಳಿದರು. ಒಂದು ವಾಕ್ಯ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಮಂದಿಯ ಅಂಕ ಕಡಿಸಿತು.

ಪದಗಳ ಹೊಸ್ತಿಲು

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಇನ್ನೊಂದು ಹೊಸ್ತಿಲು ಇದೆ. ವೇಗೋತ್ಕರ್ಷ, ಸಂವೇಗ, ವಿಭವಾಂತರ ಅಂತ ಕಲಿತದ್ದೆಲ್ಲ ಪಿಯುಗೆ ಬಂದ ಕೂಡಲೇ ಇಂಗ್ಲಿಷ್ ಆಗುತ್ತದೆ. ಪದ ಬದಲಾದರೆ ತೊಂದರೆ ಇಲ್ಲ, ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತದೆ. ತೊಂದರೆ ಇರುವುದು ಪ್ರಶ್ನೆಯ ವಾಕ್ಯದಲ್ಲಿ. "ಜಾರದೆ ಉರುಳುವ", "ನಿಶ್ಚಲ ಸ್ಥಿತಿಯಿಂದ ಹೊರಟ", "ಕಡೆಗಣಿಸಬಹುದಾದಷ್ಟು ಸಣ್ಣ" ಅನ್ನುವ ಒಂದೊಂದು ಮಾತಿನಲ್ಲೂ ಒಂದೊಂದು ಸಮೀಕರಣ ಅಡಗಿರುತ್ತದೆ. ಅದನ್ನು ಪರಭಾಷೆಯಲ್ಲಿ ಒಂದು ನಿಮಿಷದೊಳಗೆ ಹೆಕ್ಕಿ ತೆಗೆಯಬೇಕು.

ನೀಟ್ ಕನ್ನಡದಲ್ಲೂ ಬರೆಯಬಹುದು. ಆಯ್ದುಕೊಳ್ಳುವವರು ತೀರಾ ಕಮ್ಮಿ. ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿದವರಿಗೆ ಪರೀಕ್ಷೆ ದಿನ ಕನ್ನಡದ ಪದಗಳೇ ಹೊಸದಾಗಿ ಕಾಣುತ್ತವೆ.

ಪದದ ತೊಡಕು ಕನ್ನಡದೊಳಗೂ ಇದೆ ಅನ್ನಿ. ನಮ್ಮ ಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಹೆಚ್ಚುಕಮ್ಮಿ ಒಂದೇ. ಫಿಸಿಕ್ಸ್‌ನಲ್ಲಿ ಮೂರೂ ಬೇರೆ, ಅಳತೆಯೂ ಬೇರೆ. ತಲೆ ಮೇಲೆ ಮೂಟೆ ಹೊತ್ತು ಒಂದೇ ಕಡೆ ನಿಂತ ಹಮಾಲಿ ಏನೂ ಕೆಲಸ ಮಾಡಿಲ್ಲ ಅನ್ನುತ್ತದೆ ಪುಸ್ತಕ. ಬೆವರು ಒರೆಸಿಕೊಳ್ಳುವವನ ಎದುರು ಹೇಳುವ ಮಾತಲ್ಲ ಅದು.

ಯಾರ ತಪ್ಪು ಅನ್ನುವ ಜಗಳ

ಈಗ ಮೂರು ವಾದ ಕೇಳಿಬರುತ್ತಿವೆ.

ಒಂದು, ತಪ್ಪು ಪೇಪರಿನದ್ದು. ಡಾಕ್ಟರಾಗುವವರಿಗೆ ಎಂಜಿನಿಯರಿಂಗ್ ಮಟ್ಟದ ಲೆಕ್ಕ ಯಾಕೆ ಅನ್ನುವ ಪ್ರಶ್ನೆ. ಇದರಲ್ಲಿ ನ್ಯಾಯ ಇದೆ. ರಕ್ತದ ಒತ್ತಡ, ಲೆನ್ಸ್, ಎಕ್ಸ್‌ರೇ, ಇಸಿಜಿ ಅರ್ಥವಾಗಲು ಫಿಸಿಕ್ಸ್ ಬೇಕು, ಆದರೆ ಒಂದು ನಿಮಿಷದಲ್ಲಿ ಉದ್ದದ ಲೆಕ್ಕ ಬಿಡಿಸುವ ಕೈಚಳಕ ಬೇಡ. ಆದರೂ ಸಾಣಿಗೆ ಹಿಡಿಯುವವರ ಕಷ್ಟವೂ ಇದೆ. 67 ಮಂದಿ ಒಂದೇ ಅಂಕದಲ್ಲಿ ನಿಂತರೆ ಸೀಟು ಹಂಚುವುದು ಹೇಗೆ?

ಎರಡು, ತಪ್ಪು ಮಕ್ಕಳದ್ದು, ಉರು ಹೊಡೆಯುತ್ತಾರೆ. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಉರು ಹೊಡೆದವರಿಗೆ ಅಂಕ ಸಿಗುವ ಹಾಗೆ ವರ್ಷಗಟ್ಟಲೆ ಪೇಪರ್ ತೆಗೆದು, ಒಂದು ವರ್ಷ ತಟ್ಟನೆ ದಾರಿ ಬದಲಿಸಿ, ಮಕ್ಕಳನ್ನು ಬೈಯುವುದು ಸರಿಯಲ್ಲ. ಅದೂ ಅಲ್ಲದೆ ನಮ್ಮಲ್ಲಿ ಒಬ್ಬನೇ ವಿದ್ಯಾರ್ಥಿ ಮೂರು ಬಗೆಯ ಪರೀಕ್ಷೆಗೆ ಕೂರುತ್ತಾನೆ. ಪಿಯು ಬೋರ್ಡಿಗೆ ಡೆರಿವೇಶನ್ ಬರೆಯಬೇಕು. ಸಿಇಟಿಗೆ 80 ನಿಮಿಷದಲ್ಲಿ 60 ಪ್ರಶ್ನೆ. ನೀಟ್ ಬೇರೆ. 2024ರ ಸಿಇಟಿಯಲ್ಲಂತೂ ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳು ಬಂದವು. ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಅದರಲ್ಲಿ ಫಿಸಿಕ್ಸ್‌ನವು 9. ಏನು ಓದಬೇಕು ಅನ್ನುವುದೇ ಖಾತ್ರಿ ಇಲ್ಲದಿದ್ದರೆ ಎಲ್ಲವನ್ನೂ ಮೇಲೆ ಮೇಲೆ ಓದುವುದೇ ಜಾಣತನ ಅನ್ನಿಸುತ್ತದೆ.

ಮೂರನೆಯದು ಕಲಿಸುವ ರೀತಿಯ ವಾದ. ಇದಕ್ಕೆ ಮಾತ್ರ ಅಳತೆಯ ಬೆಂಬಲ ಇದೆ. ಅಮೆರಿಕದ ಫಿಸಿಕ್ಸ್ ಪ್ರೊಫೆಸರ್ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶ ಒಟ್ಟು ಮಾಡಿ ನೋಡಿದರು. ಕೋರ್ಸಿಗೆ ಮೊದಲು ಒಂದು ಪರೀಕ್ಷೆ, ಆಮೇಲೆ ಒಂದು. ಕಲಿಯಲು ಬಾಕಿ ಇದ್ದುದರಲ್ಲಿ ಎಷ್ಟು ಕಲಿತರು ಅನ್ನುವುದು ಅಳತೆ. ಬರೀ ಲೆಕ್ಚರ್ ಕೇಳಿದ ಕ್ಲಾಸುಗಳಲ್ಲಿ ಸರಾಸರಿ 0.23. ಪ್ರಶ್ನೆ ಕೊಟ್ಟು, ತಮ್ಮೊಳಗೇ ವಾದ ಮಾಡಿಸಿ ಕಲಿಸಿದ ಕ್ಲಾಸುಗಳಲ್ಲಿ 0.48. ಎರಡು ಪಟ್ಟಿಗಿಂತ ಜಾಸ್ತಿ.

ವಾದ ಮಾಡಿಸುವುದಕ್ಕೆ ದುಬಾರಿ ಸಾಮಾನು ಏನೂ ಬೇಡ. ನಾಣ್ಯದ ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ. ಎಲ್ಲರೂ ಮೊದಲು ತಂತಮ್ಮ ಉತ್ತರ ಬರೆದಿಡಲಿ. ಆಮೇಲೆ ಪಕ್ಕದವನನ್ನು ಒಪ್ಪಿಸಲು ಎರಡು ನಿಮಿಷ. ಮತ್ತೆ ಕೈ ಎತ್ತಿಸಿ. ಮಜೂರ್ ಮಾಡಿದ್ದು ಇದೇ. ಈಗಷ್ಟೇ ಅರ್ಥ ಮಾಡಿಕೊಂಡ ಹುಡುಗಿಗೆ ತಾನು ಎಲ್ಲಿ ಎಡವಿದ್ದೆ ಅನ್ನುವುದು ಇನ್ನೂ ನೆನಪಿರುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಅದು ಮರೆತುಹೋಗಿರುತ್ತದೆ.

ಮುಂದೇನಾಗಬಹುದು

ಪೇಪರ್ ಹೀಗೇ ಮುಂದುವರಿದರೆ ಮೊದಲ ಪರಿಣಾಮ ಕಾಣುವುದು ಕೋಚಿಂಗ್‌ನಲ್ಲಿ. ಲೆಕ್ಕದ ವೇಗಕ್ಕೆ ತರಬೇತಿ ಬೇಕು, ತರಬೇತಿಗೆ ದುಡ್ಡು ಬೇಕು. ಕಾಲೇಜಿನ ಒಳಗೇ ಕೋಚಿಂಗ್ ಸೇರಿಸಿಕೊಂಡವರಿಗೆ ಅನುಕೂಲ. ತಾಲ್ಲೂಕಿನ ಸರ್ಕಾರಿ ಕಾಲೇಜಿನ ಮಕ್ಕಳಿಗೆ ದೂರ ಇನ್ನೂ ಹೆಚ್ಚುತ್ತದೆ. ಪೇಪರ್ ಸುಲಭವಾದರೆ ಅರ್ಹತಾ ಅಂಕ ಮತ್ತೆ ಮೇಲೇರುತ್ತದೆ, ಫಿಸಿಕ್ಸ್ ಸುಲಭ ಇತ್ತು ಅಂತ ಸುದ್ದಿಯಾಗುತ್ತದೆ. ಆ ಎರಡೂ ವರ್ಷ ನಾಣ್ಯದ ಪ್ರಶ್ನೆಗೆ ಬರುವ ಉತ್ತರ ಮಾತ್ರ ಒಂದೇ ಇರುವ ಸಾಧ್ಯತೆ ಜಾಸ್ತಿ.

ಪರೀಕ್ಷೆಯ ರೂಪ ದೆಹಲಿಯ ಕೈಯಲ್ಲಿದೆ. ಪಾಠದ ಕ್ರಮ ಇಲ್ಲೇ ಬದಲಿಸಬಹುದು. ಫಸ್ಟ್ ಪಿಯು ಶುರುವಾದ ಮೊದಲ ಎರಡು ವಾರ ಫಿಸಿಕ್ಸ್ ಮತ್ತು ಗಣಿತದ ಲೆಕ್ಚರರ್‌ಗಳು ಒಟ್ಟಿಗೆ ಕೂತು ವೆಕ್ಟರ್, ಡೆರಿವೇಟಿವ್, ಗ್ರಾಫ್ ಓದುವುದು, ಇಷ್ಟನ್ನು ಮುಗಿಸಿದರೆ ಗಣಿತ ಬಿಟ್ಟವರಿಗೂ ಕೈಗೊಂದು ಸಾಧನ ಸಿಗುತ್ತದೆ. ಇದಕ್ಕೆ ಬರುವ ಆಕ್ಷೇಪವೂ ಗೊತ್ತಿರುವುದೇ: ಎರಡು ವಾರ ಹೋದರೆ ಪೋರ್ಷನ್ ಮುಗಿಯುವುದಿಲ್ಲ. ಗಣಿತ ಬಾರದೆ ಮಾಡಿದ ಎರಡನೇ ಅಧ್ಯಾಯವನ್ನು ಸೆಕೆಂಡ್ ಪಿಯುನಲ್ಲಿ, ಆಮೇಲೆ ಕ್ರ್ಯಾಶ್ ಕೋರ್ಸಿನಲ್ಲಿ, ಆಮೇಲೆ ರಿಪೀಟರ್ಸ್ ಬ್ಯಾಚಿನಲ್ಲಿ ಮತ್ತೆ ಮತ್ತೆ ಮಾಡುವ ವಾರಗಳನ್ನು ಯಾರೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ.